ಕೇಳದೆ ಮಾಡುವ ಸೇವೆ



ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳಿಗೆ ಕಾಲೇಜು ರಜೆಯಲ್ಲಿ ಹೊರದೇಶದ ಬಡ ಹಳ್ಳಿಯೊಂದಕ್ಕೆ ಹೋಗಿ, ಅಲ್ಲಿನ ಶಿಶುವಿಹಾರಕ್ಕೆ ಸುಣ್ಣಬಣ್ಣ ಬಳಿದು, ಬೇಲಿ ಹಾಕಿ, ಎರಡು ವಾರ ಮಕ್ಕಳೊಡನೆ ಕಳೆದು ಬರುವ ಆಸೆ. “ಫಾದರ್, ಇದು ಸೇವೆಯೋ, ಪ್ರವಾಸವೋ?” ಎಂದು ಅವಳ ತಂದೆ ನನ್ನನ್ನು ಕೇಳಿದರು.

ಆ ಮಗಳ ಮನಸ್ಸು ಒಳ್ಳೆಯದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಕಾರ್ಯ ಒಳ್ಳೆಯದಾಗುವುದಿಲ್ಲ. ಕಾರ್ಯವೂ ಅದರ ಸಂದರ್ಭವೂ ಸರಿಯಾಗಿರಬೇಕು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ. 1968ರ ಏಪ್ರಿಲ್‌ನಲ್ಲಿ ಕಥೋಲಿಕ ಗುರು ಇವಾನ್ ಇಲಿಚ್, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೋಗುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಇದನ್ನೇ ಕಟುವಾಗಿ ಹೇಳಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು.

ಹಾಗಾದರೆ ಹೊರಗಿನವನಿಗೆ ಸ್ಥಾನವೇ ಇಲ್ಲವೇ? ಇದೆ. 1945ರಲ್ಲಿ ಯುದ್ಧ ಮುಗಿದ ಕೂಡಲೇ ಇಟಲಿಯ ರೆಜ್ಜೊ ಎಮಿಲಿಯಾ ನಗರದ ಬಳಿಯ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯವರು ತಮ್ಮ ಪುಟ್ಟ ಮಕ್ಕಳಿಗಾಗಿ ಶಾಲೆ ಕಟ್ಟಲು ಹೊರಟರು. ಜರ್ಮನ್ ಸೈನ್ಯ ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿದ ಹಣ; ಬಾಂಬಿಗೆ ಕುಸಿದ ಮನೆಗಳ ಇಟ್ಟಿಗೆ; ನದಿಯ ಮರಳು; ಭಾನುವಾರ ಮತ್ತು ರಾತ್ರಿ ಹೊತ್ತಿನ ಸ್ವಂತ ದುಡಿಮೆ. ಸುದ್ದಿ ಕೇಳಿ ಲೋರಿಸ್ ಮಾಲಗುತ್ಸಿ ಎಂಬ ಯುವ ಶಿಕ್ಷಕ ಸೈಕಲ್ ಏರಿ ನೋಡಲು ಬಂದ. ನೀನು ಮೇಷ್ಟ್ರಾದರೆ ನಮ್ಮೊಡನೆ ಸೇರು ಎಂದು ಊರವರೇ ಕರೆದರು. 1994ರಲ್ಲಿ ತೀರಿಕೊಳ್ಳುವವರೆಗೂ ಆತ ಆ ನಾಡಿನ ಮಕ್ಕಳ ಶಿಕ್ಷಣಕ್ಕಾಗಿಯೇ ದುಡಿದ. ಇಂದು ಹಲವು ದೇಶಗಳ ಶಿಕ್ಷಕರು ಅಲ್ಲಿಗೆ ಕಲಿಯಲು ಹೋಗುತ್ತಾರೆ. ಆತ ಉಪಕಾರ ಹೊತ್ತು ಬಂದವನಲ್ಲ. ನೋಡಲು ಬಂದು, ಕರೆದದ್ದಕ್ಕೆ ಉಳಿದವನು.

ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ನೆನೆಯಿರಿ. ಜೆರಿಕೋವಿನ ದಾರಿಬದಿಯ ಭಿಕ್ಷುಕನು ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಪ್ರಭು ಯೇಸು, ಅವನಿಗೆ ಏನು ಬೇಕೆಂದು ಮೊದಲು ಅವನನ್ನೇ ಕೇಳಿದರು. ಹಾಗೆ ಕೇಳುವಾಗಲೇ ಭಿಕ್ಷುಕ ಮನುಷ್ಯನಾದ.

“ಒಳ್ಳೆಯ ಸಮಾರಿಯದವನು ಕೇಳಲಿಲ್ಲವಲ್ಲ?” ಎನ್ನಬಹುದು. ನಿಜ. ಅವನ ಮುಂದೆ ಬಿದ್ದಿದ್ದವನು ಅರೆಜೀವವಾಗಿದ್ದ, ಮಾತನಾಡಲಾರದವನಾಗಿದ್ದ. ಆದರೆ ಹಳ್ಳಿಯ ತಾಯಂದಿರಿಗೆ ಬಾಯಿಯಿದೆ. ಬಡವರೆಲ್ಲರನ್ನೂ ಅರೆಜೀವದವರೆಂದು ಎಣಿಸುವುದು ಕರುಣೆಯ ವೇಷದ ಅಹಂಕಾರವಲ್ಲವೇ?

ಆದ್ದರಿಂದ ಆ ಯುವತಿಗೆ ಬೇಡವೆನ್ನಲಿಲ್ಲ; ಮೂರು ಪ್ರಶ್ನೆ ಕೊಟ್ಟೆ. ಅವರು ಕರೆದಿದ್ದಾರೆಯೇ? ನಿನ್ನ ವಿಮಾನದ ಹಣದಲ್ಲಿ ಆ ಊರಿನ ಗಾರೆಯವನಿಗೇ ಕೆಲಸ ಸಿಗದೇ? ಎರಡು ವಾರ ಮಡಿಲಲ್ಲಿ ಕುಳಿತ ಮಗು, ನೀನು ಹೊರಟ ಮರುದಿನ ಯಾರನ್ನು ಹುಡುಕೀತು? ಅವಳಿಗೆ ಬೇಸರವಾಯಿತು. ಆದರೂ ಅಲ್ಲಿನ ಶಿಕ್ಷಕಿಗೆ ಪತ್ರ ಬರೆದು, ನಿಮಗೇನು ಬೇಕೆಂದು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ನನ್ನ ಎಣಿಕೆಯಲ್ಲಿ ಅವಳ ಸೇವೆ ಆಗಲೇ ಆರಂಭವಾಗಿದೆ.

ನಮ್ಮ ನಮ್ಮ ಊರಿನಲ್ಲೂ ಒಂದು ಅಂಗನವಾಡಿ ಇದೆ. ಅಲ್ಲಿನ ಅಕ್ಕನನ್ನು ನಾವು ಎಂದಾದರೂ ಕೇಳಿದ್ದೇವೆಯೇ? ಕೊಡುವ ಕೈಗಿಂತ ಮೊದಲು ಆಲಿಸುವ ಕಿವಿಯನ್ನು ಪ್ರಭು ನಮಗೆ ದಯಪಾಲಿಸಲಿ.