ಕಲಿಸಿದವನಿಗೆ ನಷ್ಟವುಂಟೋ?

ಒಬ್ಬನು ತಾನು ಬಲ್ಲದ್ದನ್ನೆಲ್ಲಾ ಇನ್ನೊಬ್ಬನಿಗೆ ಕಲಿಸಿಕೊಡಬೇಕೋ, ಇಲ್ಲವೆ ಸ್ವಲ್ಪವನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಯು ಪಂಡಿತರಿಗೆ ಮಾತ್ರ ಸಂಬಂಧಪಟ್ಟದ್ದೆಂದು ನಾವು ಬಹುಕಾಲ ಎಣಿಸಿದ್ದೆವು. ಆದರೆ ಅದು ಅರಸೀಕೆರೆಯ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ನಮ್ಮನ್ನು ಎದುರುಗೊಂಡಿತು.

ಆ ಅಂಗಡಿಯ ಮೇಸ್ತ್ರಿಯವರು ನಮಗೆ ಪರಿಚಿತರು. ತೆಂಗಿನ ತೋಟಗಳ ಕೊಳವೆ ಬಾವಿಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳನ್ನು ಬಿಚ್ಚಿ, ಹಳೆಯ ತಂತಿಯನ್ನು ತೆಗೆದು, ಹೊಸ ತಾಮ್ರದ ತಂತಿಯನ್ನು ಸುತ್ತಿಕೊಡುವದು ಅವರ ಕಸಬು. ಯಾವ ಮೋಟಾರಿಗೆ ಯಾವ ದಪ್ಪದ ತಂತಿ ಬೇಕು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು ಎಂಬ ಲೆಕ್ಕವನ್ನು ಅವರು ಇಪ್ಪತ್ತು ವರುಷಗಳಿಂದ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಸುತ್ತಿನ ಲೆಕ್ಕವು ತಪ್ಪಿದರೆ ಮೋಟಾರು ಕಾದು ಮತ್ತೆ ಸುಡುವದು. ರೈತನ ಹಣವೂ ಮೇಸ್ತ್ರಿಯ ಹೆಸರೂ ಒಟ್ಟಿಗೆ ಹೋಗುವವು. ಆದಕಾರಣ ಆ ಪುಸ್ತಕವು ಮೇಜಿನ ಖಾನೆಯಲ್ಲಿ ಬೀಗದೊಳಗೆ ಇರುತ್ತಿತ್ತು. ನಾಲ್ಕು ವರುಷಗಳಿಂದ ಅವರ ಬಳಿ ಒಬ್ಬ ಹುಡುಗನು ಇದ್ದಾನೆ. ಬಿಚ್ಚುವದು, ತೊಳೆಯುವದು, ಕಾಯಿಲು ಕೂರಿಸುವದು, ವಾರ್ನಿಷು ಹಚ್ಚುವದು, ಎಲ್ಲವೂ ಅವನಿಗೆ ಬರುತ್ತದೆ. ಆದರೆ ಕಾಯಿಲುಗಳನ್ನು ಮೇಸ್ತ್ರಿಯವರೇ ಹಿಂದಿನ ಕೋಣೆಯಲ್ಲಿ ಸುತ್ತಿ ತರುತ್ತಿದ್ದರು.

ಒಂದು ದಿನ ಅವರು ನಮಗೆ, “ಅಯ್ಯನವರೇ, ಈ ಪುಸ್ತಕ ಅವನ ಕೈಗೆ ಹೋದ ದಿನ ಅವನು ಎದುರು ಸಾಲಿನಲ್ಲಿ ಅಂಗಡಿ ಇಡುತ್ತಾನೆ. ಹಿಂದೆ ಒಬ್ಬನು ಹಾಗೆಯೇ ಮಾಡಿದ. ಕೊಡದೆ ಇದ್ದರೆ ಮನಸ್ಸು ಚುಚ್ಚುತ್ತದೆ. ನೀವಾದರೂ ಹೇಳಿ” ಎಂದರು. ನಮಗೆ ಆಗ ಉತ್ತರ ತೋಚಲಿಲ್ಲ. ಮೇಸ್ತ್ರಿಯವರು ಲೋಭಿಗಳಲ್ಲ. ಮಗಳ ಮದುವೆಯ ಸಾಲವನ್ನು ಆ ಅಂಗಡಿಯ ಮೇಲೆಯೇ ತೀರಿಸುತ್ತಿರುವರು. ಅವರ ಭಯಕ್ಕೆ ಕಾರಣವಿತ್ತು.

ಈ ಮಾತನ್ನು ಹೊತ್ತುಕೊಂಡೇ ನಾವು ಮುಂದಿನ ವಾರ ಬೇಲೂರಿಗೆ ಹೋದೆವು. ಅಲ್ಲಿ ಜಕಣಾಚಾರಿಯ ಕಥೆಯನ್ನು ಕೇಳದ ಮಕ್ಕಳಿಲ್ಲ. ಆ ಮಹಾಶಿಲ್ಪಿಯು ತನ್ನ ವಿಗ್ರಹದಲ್ಲಿ ಯಾರಾದರೂ ದೋಷವನ್ನು ತೋರಿಸಿದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಆಣೆಯಿಟ್ಟನಂತೆ. ಎಲ್ಲಿಂದಲೋ ಬಂದ ಒಬ್ಬ ಹುಡುಗನು ಕಲ್ಲು ಶುದ್ಧವಲ್ಲವೆಂದನು. ವಿಗ್ರಹಕ್ಕೆಲ್ಲಾ ಗಂಧವನ್ನು ಬಳಿಯಲು ಹೊಕ್ಕುಳಿನ ಬಳಿ ಮಾತ್ರ ಅದು ಒಣಗಲಿಲ್ಲ. ಅಲ್ಲಿ ಉಳಿಯಿಂದ ಹೊಡೆದಾಗ ನೀರೂ ಮರಳೂ ಒಂದು ಕಪ್ಪೆಯೂ ಹೊರಬಂದವು. ಶಿಲ್ಪಿಯು ಮಾತಿನಂತೆ ಕೈಯನ್ನು ಕಡಿದುಕೊಂಡನು. ಹುಡುಗನು ಅವನ ಸ್ವಂತ ಮಗನಾದ ಡಂಕಣಾಚಾರಿಯೆಂದು ಆ ಮೇಲೆ ತಿಳಿಯಿತು. ತುಮಕೂರಿನ ಹತ್ತಿರದ ಊರಿನಲ್ಲಿ ಹೋದ ಕೈ ತಿರಿಗಿ ಬಂದದ್ದರಿಂದ ಆ ಊರಿಗೆ ಕೈದಾಳವೆಂಬ ಹೆಸರಾಯಿತೆಂದೂ ಹೇಳುವರು.

ಚರಿತ್ರೆ ಬಲ್ಲವರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಆದರೂ ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯಲ್ಲಿ ಜನರ ಮನಸ್ಸು ಇರುವದು. ಕಿರಿಯನು ಮುಂದೆ ಬಂದರೆ ಹಿರಿಯನಿಗೆ ಅಂಗಹಾನಿಯೆಂಬದೇ ಇದರ ಒಳಗಿನ ಭಯ. ಮೇಸ್ತ್ರಿಯವರ ಭಯವೂ ಅದೇ. ಆದರೆ ಕಥೆಯನ್ನು ನಿಧಾನವಾಗಿ ನೋಡಿರಿ. ಶಿಲ್ಪಿಯ ಕೈಯನ್ನು ಕಡಿದದ್ದು ಹುಡುಗನೋ? ಅಲ್ಲ. ನನ್ನಲ್ಲಿ ದೋಷವೇ ಇಲ್ಲವೆಂಬ ಆಣೆಯು ಅದನ್ನು ಕಡಿಯಿತು. ಹುಡುಗನಾದರೋ ದೋಷವುಳ್ಳ ಕಲ್ಲನ್ನು ತೋರಿಸಿ ಉಪಕಾರವನ್ನೇ ಮಾಡಿದನು.

ಕಥೆಯನ್ನು ಬಿಟ್ಟು ಕಲ್ಲಿನ ಸಾಕ್ಷಿಗೆ ಬರೋಣ. ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. ೧೧೧೭ರಲ್ಲಿ ಪ್ರತಿಷ್ಠೆಯಾಯಿತು. ಅದರ ಪ್ರಖ್ಯಾತ ಮದನಿಕೆಯರು ಹೊರಗೆ ೩೮, ಒಳಗೆ ೪, ಒಟ್ಟು ೪೨. ಆ ಕಾಲದ ಎಷ್ಟೋ ದೇಶಗಳಲ್ಲಿ ಕಲ್ಲು ಕೆತ್ತಿದವರ ಹೆಸರು ಯಾರಿಗೂ ತಿಳಿಯದೆ ಹೋಯಿತು. ಇಲ್ಲಿಯಾದರೋ ಅನೇಕ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರನ್ನು ಕೆತ್ತಿದ್ದಾರೆ. ಅವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಇದ್ದಾರೆ. ವಿದ್ವಾಂಸರ ಎಣಿಕೆಯಂತೆ ತಂದೆಯ ಹೆಸರಿನಲ್ಲಿ ನಾಲ್ಕು ಮದನಿಕೆಯರು, ಮಗನ ಹೆಸರಿನಲ್ಲಿ ಐದು.

ಈ ಲೆಕ್ಕವನ್ನು ಓದಿ ನಾವು ಸುಮ್ಮನೆ ನಿಂತೆವು. ತಂದೆಯು ಬಯಸಿದ್ದರೆ ಒಂಬತ್ತಕ್ಕೂ ತನ್ನ ಹೆಸರನ್ನೇ ಹಾಕಬಹುದಾಗಿತ್ತು. ಮನೆಯ ಯಜಮಾನನು ಅವನೇ, ಕೇಳುವವರು ಯಾರು? ಹಾಗಾಗಲಿಲ್ಲ. ಮಗನ ಕೆಲಸದ ಕೆಳಗೆ ಮಗನ ಹೆಸರೇ ನಿಂತಿತು. ಅದರಿಂದ ತಂದೆಯ ನಾಲ್ಕು ಬೊಂಬೆಗಳು ಮೂರಾಗಲಿಲ್ಲ. ಒಂಬತ್ತು ಶತಮಾನಗಳಾದ ಮೇಲೆಯೂ ಇಬ್ಬರ ಹೆಸರನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ಇನ್ನೊಂದು ಸಂಗತಿಯುಂಟು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸವು ಸುಮಾರು ೧೧೨೧ರಲ್ಲಿ ಆರಂಭವಾಗಿ ಅನೇಕ ದಶಕಗಳ ವರೆಗೆ ನಡೆಯಿತು. ಮೊದಲ ಕಲ್ಲಿಗೆ ಉಳಿ ಹಿಡಿದವನು ಕಡೆಯ ಕಲ್ಲನ್ನು ನೋಡಿರಲಾರನು. ನಮ್ಮ ಅರಸೀಕೆರೆಯ ಈಶ್ವರ ದೇವಾಲಯವು ಸುಮಾರು ೧೨೨೦ರದ್ದು, ಅಂದರೆ ಬೇಲೂರಿಗಿಂತ ನೂರು ವರುಷ ಈಚಿನದು. ಬೇಲೂರಿನಲ್ಲಿ ಕೆತ್ತಿದ ಒಬ್ಬನಾದರೂ ಅರಸೀಕೆರೆಗೆ ಜೀವದಿಂದ ಬಂದಿರಲಾರನು. ಆದರೂ ವಿದ್ಯೆಯು ಬಂದಿತು. ಬಂದು ಅದು ಹಳೆಯದನ್ನೇ ನಕಲು ಮಾಡಲಿಲ್ಲ: ಹದಿನಾರು ಮೂಲೆಗಳ ನಕ್ಷತ್ರದ ಆಕಾರದ ತೆರೆದ ಮಂಟಪವನ್ನು ಕಟ್ಟಿತು. ಶಿಷ್ಯನ ಶಿಷ್ಯನು ಗುರುವು ಮಾಡದ್ದನ್ನು ಮಾಡಿದನು. ನಡುವೆ ಯಾರಾದರೂ ವಿದ್ಯೆಯನ್ನು ಖಾನೆಯಲ್ಲಿಟ್ಟು ಬೀಗ ಹಾಕಿದ್ದರೆ ಆ ಮಂಟಪವು ಇರುತ್ತಿರಲಿಲ್ಲ. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊಗಳಿಕೆಯ ಒಂದು ಪಾಲು ಕಲಿಸಿದವರಿಗೆ ಸಲ್ಲುವದು.

ಇಲ್ಲಿ ಬುದ್ಧಿವಂತ ವಾಚಕನು ನಮ್ಮನ್ನು ತಡೆದು, “ಅದು ತಂದೆಮಕ್ಕಳ ಮಾತಾಯಿತು. ಮಗನ ಐದು ತಂದೆಯ ಮನೆಗೇ ಬರುವವು. ಪರರ ಮಗನಿಗೆ ಯಾಕೆ ಕಲಿಸಬೇಕು?” ಎಂದು ಕೇಳಬಹುದು. ಇದು ಸರಿಯಾದ ಪ್ರಶ್ನೆ, ನೋಯಿಸುವ ಪ್ರಶ್ನೆಯೂ ಹೌದು. ಯಾಕಂದರೆ ನಮ್ಮ ದೇಶದಲ್ಲಿ ವಿದ್ಯೆಯೂ ಕಸಬೂ ಬಹುಕಾಲ ಮನೆಯ ಹೊಸಲನ್ನೂ ಜಾತಿಯ ಬೇಲಿಯನ್ನೂ ದಾಟಲಿಲ್ಲ. ಹೊಸಲಿನ ಹೊರಗೆ ನಿಂತವರು ಎಷ್ಟು ಮಂದಿಯೆಂಬದು ಈ ಪತ್ರಿಕೆಯನ್ನು ಓದುವ ಅನೇಕರ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ತಿಳಿದಿತ್ತು.

ಇದಕ್ಕೆ ಉತ್ತರವನ್ನು ನಮ್ಮ ಹಳೆಯ ಮನೆಗಳ ಮಾಡಿನ ಮೇಲೆ ನೋಡಬಹುದು. ಮಂಗಳೂರು ಹೆಂಚಿನ ಮೊದಲನೆಯ ಕಾರ್ಖಾನೆಯನ್ನು ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ತೆರೆದರು. ಅಲ್ಲಿ ಕೆಲಸ ಕಲಿತವರು ಪರರ ಮಕ್ಕಳೇ; ಜಾತಿಯಿಂದಲೂ ಊರಿನಿಂದಲೂ ಹೊರಬಿದ್ದವರು ಅವರಲ್ಲಿ ಅನೇಕರು. ಮೂರೇ ವರುಷಗಳಲ್ಲಿ, ೧೮೬೮ರಲ್ಲಿ, ಅಲ್ಬುಕರ್ಕ್ ಮನೆತನದವರು ಅದೇ ಊರಿನಲ್ಲಿ ಇನ್ನೊಂದು ಕಾರ್ಖಾನೆಯನ್ನು ಇಟ್ಟರು. ಆ ಮೇಲೆ ಮತ್ತೂ ಅನೇಕರು ಇಟ್ಟರು. ಎದುರು ಸಾಲಿನ ಅಂಗಡಿಯ ಭಯವು ಅಲ್ಲಿ ನಿಜವಾಯಿತು. ಆದರೆ ಮುಂದೇನಾಯಿತು? ೧೯೧೪ರ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಕಾರ್ಖಾನೆಗಳನ್ನು ಸರಕಾರವು ವಶಪಡಿಸಿಕೊಂಡಿತು. ಅವು ಬೇರೆ ಕೈಗಳಿಗೆ ಹೋದವು. ಹೆಂಚಿನ ಕಸಬಾದರೋ ನಿಲ್ಲಲಿಲ್ಲ, ಅದು ಹಲವರ ಕೈಯಲ್ಲಿತ್ತು. ಒಬ್ಬನ ಕೈಯಲ್ಲಿ ಮಾತ್ರ ಇರುವದು ಆ ಕೈಯೊಂದಿಗೇ ಬೀಳುವದು.

ಇನ್ನು ನಮ್ಮ ಸೀಮೆಗೇ ಬರೋಣ. ಅರಸೀಕೆರೆಗೂ ಹಳೇಬೀಡಿಗೂ ನಡುವೆ ಜಾವಗಲ್ ಎಂಬ ಊರಿದೆ. ಹೇಮಾವತಿಯ ಅಣೆಕಟ್ಟಿನಿಂದ ಗೊರೂರಿನ ಕಡೆಯ ಭೂಮಿಗಳು ಮುಳುಗಿದಾಗ ಅದಕ್ಕೆ ಬದಲಾಗಿ ಸಿಕ್ಕಿದ ಬರಡು ನೆಲವನ್ನು ಹಸನು ಮಾಡುವದಕ್ಕೆ ಈ ಜಾವಗಲ್ಲಿನ ಬಳಿಗೆ ಬಂದವರು ಕ್ಯಾಪ್ಟನ್ ಗೋಪಿನಾಥರು. ಅವರ ತಂದೆಯು ಶಾಲಾ ಉಪಾಧ್ಯಾಯರು. ಆದರೂ ಮಗನನ್ನು ಮೊದಲ ಕೆಲವು ವರುಷ ಮನೆಯಲ್ಲೇ ತಾವೇ ಓದಿಸಿ, ತರುವಾಯ ಕನ್ನಡ ಶಾಲೆಗೂ ವಿಜಾಪುರದ ಸೈನಿಕ ಶಾಲೆಗೂ ಕಳುಹಿಸಿದರು. ಕಲಿಸುವದೂ ಬಿಟ್ಟುಕೊಡುವದೂ ಆ ತಂದೆಗೆ ತಿಳಿದಿತ್ತು. ೧೯೭೧ರ ಯುದ್ಧದಲ್ಲಿಯೂ ಸೇವೆ ಮಾಡಿದ ಮಗನು ಸೈನ್ಯವನ್ನು ಬಿಟ್ಟು ರೇಷ್ಮೆ ವ್ಯವಸಾಯಕ್ಕೆ ಕೈಹಾಕಿದನು. ಸೈನ್ಯದಲ್ಲಿ ಆಜ್ಞೆ ಕೊಟ್ಟವನು ಹೊಲದಲ್ಲಿ ರೈತರಿಂದಲೂ ಕೂಲಿಯವರಿಂದಲೂ ಕಲಿಯಬೇಕಾಯಿತು. ನೆಲಕ್ಕೂ ನೀರಿಗೂ ಕೇಡಾಗದ ಆ ಬೇಸಾಯಕ್ಕೆ ೧೯೯೬ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. ೨೦೦೩ರಲ್ಲಿ ಅವರು ಸಾಧಾರಣ ಜನರೂ ಹತ್ತಬಹುದಾದ ಕಡಿಮೆ ದರದ ವಿಮಾನಗಳನ್ನು ಏರ್ ಡೆಕ್ಕನ್ ಎಂಬ ಹೆಸರಿನಲ್ಲಿ ಹಾರಿಸಿದರು.

ಅದರ ಮುಂದಿನದು ಸುಖದ ಕಥೆಯಲ್ಲ. ನಷ್ಟವು ಹೆಚ್ಚಾಯಿತು, ೨೦೦೮ರಲ್ಲಿ ಕಂಪೆನಿಯು ಕಿಂಗ್‌ಫಿಷರಿನೊಳಗೆ ಸೇರಿಹೋಯಿತು, ೨೦೧೨ರಲ್ಲಿ ಕಿಂಗ್‌ಫಿಷರಿನ ಹಾರಾಟವೂ ನಿಂತಿತು. ಆದರೆ ಅವರ ಹಿಂದಿನಿಂದ ಹೊರಟವರು, ೨೦೦೬ರಲ್ಲಿ ಆರಂಭವಾದ ಇಂಡಿಗೋ ಮೊದಲಾದವರು, ಅದೇ ದಾರಿಯಲ್ಲಿ ಬಹುದೂರ ಹೋದರು. ದಾರಿ ಮಾಡಿದವನಿಗೆ ನಷ್ಟವಾಗಲಿಲ್ಲವೆಂದು ನಾವು ಹೇಳಲಾರೆವು, ಆಯಿತು. ಆದರೆ ಅವನ ದಾರಿಯು ವ್ಯರ್ಥವಾಯಿತೆಂದು ಯಾರು ಹೇಳಾರು? ತಮ್ಮ ಮನೆಯಲ್ಲಿ ಮೊದಲನೆಯವರಾಗಿ ವಿಮಾನವನ್ನು ಹತ್ತಿದವರು ಆ ಮಾತನ್ನು ಒಪ್ಪರು.

ಆದದರಿಂದ ನಮ್ಮ ಉತ್ತರವು ಇದು. ಕಲಿಸಿದವನಿಗೆ ನಷ್ಟವುಂಟು, ಅದನ್ನು ಮುಚ್ಚಿಡುವ ಬೋಧಕನು ನಿಜ ಹೇಳುವವನಲ್ಲ. ಆದರೆ ಕಲಿಸದವನ ನಷ್ಟವು ಅದಕ್ಕಿಂತ ದೊಡ್ಡದು. ಕಲಿಸಿದವನು ಹಣದಲ್ಲಿ ಒಂದು ಪಾಲನ್ನು ಕಳೆದುಕೊಳ್ಳುವನು. ಕಲಿಸದವನು ತನ್ನ ವಿದ್ಯೆಯನ್ನೇ ತನ್ನೊಂದಿಗೆ ಮಣ್ಣಿಗೆ ಕೊಂಡುಹೋಗುವನು. ಶಾಲೆಯಲ್ಲಾಗಲಿ ಅಂಗಡಿಯಲ್ಲಾಗಲಿ ಮುಂದಾಳೆಂದರೆ ಎಲ್ಲರಿಗಿಂತ ಮುಂದೆ ಇರುವವನು ಮಾತ್ರವಲ್ಲ, ತನ್ನನ್ನು ದಾಟಿ ಹೋಗುವವರಿಗೆ ಎಡೆಕೊಡುವವನು.

ಹಾಗಾದರೆ ನಾವು ಅಂಥ ಮುಂದಾಳುಗಳೋ ಅಲ್ಲವೋ ಎಂದು ತಿಳಿಯುವದು ಹೇಗೆ? ಮೂರು ಗುರುತುಗಳುಂಟು. ಮೊದಲನೆಯದು, ಕಲಿಯುವವನಿಗೆ ನಿಜವಾದ ಕಲ್ಲನ್ನು ಕೊಡುತ್ತೇವೋ? ಕಸ ಗುಡಿಸುವದನ್ನೂ ಚಹಾ ತರುವದನ್ನೂ ನಾಲ್ಕು ವರುಷ ಮಾಡಿಸಿ, ಕಲಿಸಿದೆವೆಂದು ಹೇಳಿಕೊಳ್ಳಬಾರದು. ತಪ್ಪಿದರೆ ನಷ್ಟವಾಗುವ ಕೆಲಸವನ್ನು, ನಾವು ಬಳಿಯಲ್ಲಿ ನಿಂತು, ಅವನ ಕೈಯಿಂದಲೇ ಮಾಡಿಸಬೇಕು. ಎರಡನೆಯದು, ಅವನ ಕೆಲಸಕ್ಕೆ ಅವನ ಹೆಸರು ನಿಲ್ಲುವದೋ? ಗಿರಾಕಿಯು ಹೊಗಳಿದಾಗ, “ಇದನ್ನು ಮಾಡಿದವನು ಈ ಹುಡುಗ” ಎನ್ನುವದಕ್ಕೆ ಖರ್ಚಿಲ್ಲ. ಆದರೂ ನಾಲಿಗೆ ಏಳುವದಿಲ್ಲ.

ಮೂರನೆಯದು, ಕಿರಿಯರು ನಮ್ಮ ತಪ್ಪನ್ನು ತೋರಿಸಿದರೆ ಕೇಳುತ್ತೇವೋ? ಇದರಲ್ಲಿ ನಾವು ಸೋತವರು. ಕೆಲವು ವರುಷಗಳ ಹಿಂದೆ ಸಾಯಂಕಾಲದ ಪಾಠದಲ್ಲಿ ಬಡ್ಡಿಯ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದಾಗ, ಹಿಂದಿನ ಸಾಲಿನ ಒಬ್ಬ ಹುಡುಗಿಯು ಕೈ ಎತ್ತಿ ಲೆಕ್ಕ ತಪ್ಪೆಂದಳು. ನಾವು ಗದರಿಸಿ ಕೂರಿಸಿದೆವು. ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿ ನೋಡಲು ಅವಳೇ ಸರಿ. ಮಾರನೆಯ ದಿನ ಎಲ್ಲರ ಮುಂದೆ ಒಪ್ಪಿಕೊಂಡೆವು; ಆದರೆ ಆ ಹುಡುಗಿಯು ಬಹುದಿನಗಳ ವರೆಗೆ ತಿರಿಗಿ ಕೈ ಎತ್ತಲಿಲ್ಲ. ಕಥೆಯಲ್ಲಿ ಹಿರಿಯನ ಕೈ ಹೋಯಿತು; ನಮ್ಮ ಪಾಠದಲ್ಲಿ ಕಿರಿಯಳ ಕೈ ಕೆಳಗಿಳಿಯಿತು. ಯಾವದು ಹೆಚ್ಚಿನ ಕೇಡೆಂದು ವಾಚಕರೇ ಹೇಳಲಿ.

ಕಲಿಯುವವರಿಗೂ ಒಂದು ಮಾತನ್ನು ಹೇಳದೆ ಬಿಡಬಾರದು. ವಿದ್ಯೆಯು ಕೈಗೆ ಬಂದ ಮರುದಿನವೇ ಹೇಳದೆ ಹೊರಟುಹೋಗುವದು, ಕಲಿಸಿದವನ ಬಾಗಲಿನ ಎದುರಿನಲ್ಲೇ ಅಂಗಡಿ ಇಟ್ಟು ಅವನ ಗಿರಾಕಿಗಳ ಕಿವಿಯಲ್ಲಿ ಅವನನ್ನು ಹಳಿಯುವದು, ಇವು ಕಳ್ಳತನಕ್ಕೆ ಸಮೀಪದವು. ಒಬ್ಬನು ಹೀಗೆ ಮಾಡಿದರೆ ಅವನ ಹಿಂದೆ ಬರುವ ಹತ್ತು ಮಂದಿ ಹುಡುಗರಿಗೆ ಖಾನೆಗಳು ಮುಚ್ಚಿಹೋಗುವವು. ನಮ್ಮ ಮೇಸ್ತ್ರಿಯವರ ಬೀಗವನ್ನು ಹಾಕಿದ್ದು ಅವರೊಬ್ಬರೇ ಅಲ್ಲ. ಹಿಂದೆ ಹೋದ ಆ ಶಿಷ್ಯನೂ ಹಾಕಿದನು.

ಬೇಲೂರಿನಿಂದ ತಿರಿಗಿ ಬಂದ ಮೇಲೆ ನಾವು ಅಂಗಡಿಗೆ ಹೋಗಿ ದಾಸೋಜನ ನಾಲ್ಕನ್ನೂ ಚಾವಣನ ಐದನ್ನೂ ಹೇಳಿದೆವು. ಮೇಸ್ತ್ರಿಯವರು ನಕ್ಕು, “ಅವರಿಗೆ ಸಂಬಳ ಕೊಟ್ಟವನು ಅರಸು, ಅಯ್ಯನವರೇ” ಎಂದರು. ಅದೂ ನಿಜವೇ. ಆದಕಾರಣ ನಾವು ಮೂವರೂ ಕುಳಿತು ಮಾತಾಡಿದೆವು. ಹುಡುಗನು ಇನ್ನೆರಡು ವರುಷ ಸರಿಯಾದ ಸಂಬಳದ ಮೇಲೆ ಅಲ್ಲಿಯೇ ದುಡಿಯುವದು; ಆ ಮೇಲೆ ಬೇಕಾದರೆ ಬಾಣಾವರದ ಕಡೆ ಅಂಗಡಿ ಇಡುವದು; ಅದಕ್ಕೆ ಮೇಸ್ತ್ರಿಯವರೇ ಜಾಮೀನು ನಿಲ್ಲುವದು ಎಂದು ಗೊತ್ತುಮಾಡಿದ್ದಾಯಿತು. ಈಗ ಹುಡುಗನು ದಿನಾಲೂ ಸಾಯಂಕಾಲ ಆ ಪುಸ್ತಕವನ್ನು ತನ್ನ ಅಕ್ಷರದಲ್ಲಿ ನಕಲು ಮಾಡುತ್ತಾನೆ.

ಮೇಸ್ತ್ರಿಯವರ ಭಯವು ಪೂರ್ತಿಯಾಗಿ ಹೋಯಿತೆಂದು ನಾವು ಹೇಳೆವು. ನಕಲು ಮುಗಿಯುವ ವರೆಗೂ ಅವರು ಪುಸ್ತಕದ ಬಳಿಯಿಂದ ಏಳುವದಿಲ್ಲ. ಆದರೆ ಖಾನೆಗೆ ಈಗ ಬೀಗವಿಲ್ಲ. ಪ್ರಿಯ ವಾಚಕರೇ, ನಮ್ಮೆಲ್ಲರ ಮನೆಯಲ್ಲಿಯೂ ಅಂಥದೊಂದು ಖಾನೆಯಿರುವದು. ಅದರ ಕೀಲಿಯು ಯಾರ ಸೊಂಟದಲ್ಲಿದೆಯೆಂದು ಇವತ್ತೇ ನೋಡಿಕೊಳ್ಳೋಣ.