ಕಾಠಿಣ್ಯವೂ ಮಾರ್ದವವೂ

ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಶಿವನ್‌ಮಲೆಯ ಬಂಡೆಗಳಲ್ಲಿ ಕುರುಂದದ ಹರಳುಗಳಿವೆ. ತಮಿಳಿನ ಈ ಹೆಸರೇ ಆಂಗ್ಲರ ಬಾಯಲ್ಲಿ ‘ಕೊರಂಡಮ್’ ಆಯಿತು. 1891ರಲ್ಲಿ ಅಮೆರಿಕದ ಅಚೆಸನ್ ಕುಲುಮೆಯಲ್ಲಿ ತಯಾರಿಸಿದ ‘ಕಾರ್ಬೊರಂಡಮ್’ ಎಂಬ ಸಾಣೆಯ ಪುಡಿಯ ಹೆಸರಿನಲ್ಲಿಯೂ ಸೇರಿಕೊಂಡಿತು. ಒಂದು ಕಲ್ಲು ಇನ್ನೊಂದನ್ನು ಗೀರಬಲ್ಲುದೇ ಎಂಬುದೇ ಕಾಠಿಣ್ಯದ ಪರೀಕ್ಷೆ. 1812ರಲ್ಲಿ ಮೋಹ್ಸ್ ರಚಿಸಿದ ಶ್ರೇಣಿಯಲ್ಲಿ ಕುರುಂದಕ್ಕೆ 9, ವಜ್ರಕ್ಕೆ 10. ವಜ್ರಕ್ಕೆ ವಜ್ರದ ಪುಡಿಯಿಂದಲೇ ಸಾಣೆ ಹಿಡಿಯಬೇಕು. ಆದರೂ ಪದರದ ನೇರಕ್ಕೆ ಬಿದ್ದ ಒಂದೇ ಪೆಟ್ಟಿಗೆ ಅದು ಸೀಳಿಹೋಗುತ್ತದೆ.

ಮೋಕ್ಷಗಾಮಿಗೆ ವಜ್ರವೃಷಭನಾರಾಚ ಸಂಹನನ ಬೇಕೆನ್ನುವ ಶಾಸ್ತ್ರವೇ ಅನಂತಾನುಬಂಧಿ ಮಾನವನ್ನು ಕಲ್ಲಿಗೆ ಹೋಲಿಸಿ ನಿಂದಿಸುತ್ತದೆ. ಉಳಿದ ಮೂರು ಮಾನಗಳಿಗೆ ಮೂಳೆ, ಮರ, ಬೆತ್ತಗಳ ಹೋಲಿಕೆ. ಇದು ವಿರೋಧವೇ? ಅಲ್ಲವೆಂದು ನನ್ನ ಭಾವನೆ. ಆ ದೇಹದ ಬಲ ಪರೀಷಹಗಳನ್ನು ತಾಳುವುದಕ್ಕೆ; ಮಾನದ ಬಲ ಯಾರಿಗೂ ಬಾಗದಿರುವುದಕ್ಕೆ. ಉತ್ತಮ ಮಾರ್ದವವನ್ನು ಬೋಧಿಸಿದ್ದು ಈ ಎರಡನೆಯದನ್ನು ಕುರಿತೇ. ಆದರೆ ವ್ರತದ ದೃಢತೆ ಎಲ್ಲಿ ಮುಗಿಯಿತು, ಮಾನ ಎಲ್ಲಿ ಮೊದಲಾಯಿತು ಎಂದು ತಿಳಿಯುವುದು ಸುಲಭವಲ್ಲ. ಯಾವ ಭಾಷೆಯ ಮನೆಯಲ್ಲಾದರೂ ಇದನ್ನು ಕಾಣಬಹುದು: ಪರ್ವದ ಉಪವಾಸಗಳು ನಿರ್ವಿಘ್ನವಾಗಿ ಮುಗಿಯುತ್ತವೆ, ಕ್ಷಮಾಪಣೆಯ ಪತ್ರಗಳು ಊರೂರಿಗೆ ಹೋಗುತ್ತವೆ, ಆಸ್ತಿ ಭಾಗವಾದಂದಿನಿಂದ ಮಾತು ಬಿಟ್ಟ ಅಣ್ಣನ ವಿಳಾಸ ಮಾತ್ರ ಆ ಪಟ್ಟಿಯಲ್ಲಿರುವುದಿಲ್ಲ.