ಪ್ರತಿನಿಧಿಯೋ ವಿಕೃತಿಯೋ: ಹೊಂದದ ಬಿಡಿಭಾಗಗಳ ಎಂಜಿನ್ ಮತ್ತು ಅವಯವಿಯ ಪ್ರಶ್ನೆ

ಕೆಟ್ಟ ಎಂಜಿನ್ನನ್ನು ಬೇರೆ ಬೇರೆ ಎಂಜಿನ್‌ಗಳ ಬಿಡಿಭಾಗಗಳಿಂದ ಮತ್ತೆ ಕಟ್ಟಿದಾಗ ಎರಡು ತಾತ್ವಿಕ ಪ್ರಶ್ನೆಗಳು ಏಳುತ್ತವೆ. ಕಟ್ಟಿ ನಿಲ್ಲಿಸಿದ್ದು ಹಿಂದಿನ ಎಂಜಿನ್ನೇ, ಬೇರೆಯದೇ ಎಂಬುದು ಒಂದು. ಅದು ನಿಜಕ್ಕೂ ಒಂದು ವಸ್ತುವೇ, ಬೋಲ್ಟ್‌ಗಳು ಹಿಡಿದಿಟ್ಟ ತುಂಡುಗಳ ಗುಂಪೇ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಪ್ರಸಿದ್ಧಿ ಹೆಚ್ಚು, ಎರಡನೆಯದಕ್ಕೆ ಆಳ ಹೆಚ್ಚು. ಬಿಡಿಯಾದವು ಕೂಡಿ ಇಡಿಯಾಗುವುದು ಹೇಗೆ ಎಂಬುದನ್ನು ಭಾರತೀಯ ದರ್ಶನಗಳು ಅವಯವ–ಅವಯವಿಗಳ ವಿಚಾರವಾಗಿ ಶತಮಾನಗಳ ಕಾಲ ಚರ್ಚಿಸಿವೆ. ಸೂಪರ್‌ಚಾರ್ಜರ್ ಇರುವ ಎಂಜಿನ್ ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲು. ಅಲ್ಲಿ ಒತ್ತಡ ಹೆಚ್ಚು, ಹೊಂದದ ಭಾಗ ಬಹುಕಾಲ ಮರೆಯಲ್ಲಿ ಉಳಿಯಲಾರದು.

ಸಾಮಾನ್ಯ ಎಂಜಿನ್ ತನ್ನ ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಒಳಬರುತ್ತದೋ ಅಷ್ಟರಲ್ಲೇ ಕೆಲಸ ಮಾಡುತ್ತದೆ. ಸೂಪರ್‌ಚಾರ್ಜರ್ ಕ್ರ್ಯಾಂಕ್‌ಶಾಫ್ಟ್‌ನಿಂದಲೇ ಬೆಲ್ಟ್ ಮೂಲಕ ಶಕ್ತಿ ಪಡೆದು ಅದಕ್ಕಿಂತ ಹೆಚ್ಚಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ, ಅದರಿಂದ ಹೆಚ್ಚು ಬಲ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಸಿಲಿಂಡರ್‌ನಲ್ಲಿ ಪಿಸ್ಟನ್ ಅದನ್ನು ಇನ್ನೂ ಒತ್ತುತ್ತದೆ. ಮಿತಿ ಮೀರಿದರೆ ಸ್ಪಾರ್ಕ್ ಪ್ಲಗ್‌ನ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಲೋಹಕ್ಕೆ ಸುತ್ತಿಗೆಯಿಂದ ಬಡಿದಂಥ ಸದ್ದು ಕೇಳುತ್ತದೆ. ಇದು ಮುಂದುವರಿದರೆ ರಿಂಗ್‌ಗಳು ಕೂರುವ ಪಿಸ್ಟನ್ ಅಂಚು ಒಡೆಯುತ್ತದೆ, ಕೊನೆಗೆ ಪಿಸ್ಟನ್ನೇ ತೂತಾಗುತ್ತದೆ. ಇದನ್ನು ತಡೆಯಲೆಂದೇ ಸೂಪರ್‌ಚಾರ್ಜರ್ ಎಂಜಿನ್‌ಗಳ ಕಂಪ್ರೆಶನ್ ಅನುಪಾತವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕವನ್ನು, ಸಾಮಾನ್ಯವಾಗಿ ಕಡಿಮೆ ಇಡುತ್ತಾರೆ.

ಜನರಲ್ ಮೋಟರ್ಸ್ ಕಂಪನಿಯ 3800 ಸರಣಿಯ ವಿ6 ಎಂಜಿನ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1990ರ ದಶಕದ ನಡುವೆ ಬಂದ ಅದರ ಎರಡನೆಯ ಪೀಳಿಗೆಯಲ್ಲಿ ಎರಡು ರೂಪಗಳಿದ್ದವು. ಸೂಪರ್‌ಚಾರ್ಜರ್ ಇಲ್ಲದ ಎಲ್36ರ ಕಂಪ್ರೆಶನ್ ಅನುಪಾತ 9.4, ಈಟನ್ ಎಂ90 ಸೂಪರ್‌ಚಾರ್ಜರ್ ಹೊತ್ತ ಎಲ್67ರದು 8.5. ಎರಡರ ಗಾತ್ರವೂ 3,791 ಸಿಸಿ. ಬೋರ್ ಒಂದೇ, ಸ್ಟ್ರೋಕ್ ಒಂದೇ. ಎಲ್67ರ ಸಿಲಿಂಡರ್ ಹೆಡ್‌ಗಳು, ಇನ್‌ಟೇಕ್ ಮ್ಯಾನಿಫೋಲ್ಡ್, ಸೂಪರ್‌ಚಾರ್ಜರ್ ಎಲ್ಲವೂ ಎಲ್36ರ ಬ್ಲಾಕ್ ಮೇಲೆ ಬಂದು ಕೂರುತ್ತವೆ. ಹಾಗಾಗಿ ಗುಜರಿಗೆ ಬಂದ ಒಂದು ಕಾರಿನ ಮೇಲ್ಭಾಗವನ್ನು ಇನ್ನೊಂದರ ಕೆಳಭಾಗಕ್ಕೆ ಜೋಡಿಸುವುದು ಹವ್ಯಾಸಿಗಳಿಗೆ ಪರಿಚಿತ ಕೆಲಸ. ಬೋಲ್ಟ್ ಕೂರುತ್ತದೆ, ಗ್ಯಾಸ್ಕೆಟ್ ಮುಚ್ಚುತ್ತದೆ, ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ. ಒಂದೊಂದು ಭಾಗವೂ ತನ್ನಷ್ಟಕ್ಕೆ ನಿರ್ದೋಷಿ. ಆದರೆ 9.4ರ ಪಿಸ್ಟನ್‌ಗಳ ಮೇಲೆ ಸೂಪರ್‌ಚಾರ್ಜರ್‌ನ ಪೂರ್ಣ ಒತ್ತಡ ಬಿದ್ದಾಗ, ಯಾವ ಭಾಗದಲ್ಲೂ ಇಲ್ಲದಿದ್ದ ದೋಷ ಅವುಗಳ ಸಂಬಂಧದಲ್ಲಿ ತಲೆ ಎತ್ತುತ್ತದೆ.

ಇಡಿ ಎಂಬುದು ಇದೆಯೇ ಎಂಬ ಪ್ರಶ್ನೆಗೆ ಬೌದ್ಧರ ಉತ್ತರ ಪ್ರಸಿದ್ಧ. ಮಿಲಿಂದಪನ್ಹ ಎಂಬ ಪಾಳಿ ಗ್ರಂಥದಲ್ಲಿ ಭಿಕ್ಷು ನಾಗಸೇನ ದೊರೆ ಮಿಲಿಂದನನ್ನು ಅವನ ರಥದ ಬಗ್ಗೆ ಪ್ರಶ್ನಿಸುತ್ತಾನೆ. ಮೂಕಿ ರಥವೇ? ಅಚ್ಚು ರಥವೇ? ಗಾಲಿ, ನೊಗ ರಥವೇ? ಯಾವುದೂ ಅಲ್ಲ, ಅವೆಲ್ಲವನ್ನು ಬಿಟ್ಟು ಬೇರೆ ರಥವೂ ಇಲ್ಲ. ಭಾಗಗಳು ಸೇರಿದಾಗ ವ್ಯವಹಾರಕ್ಕೆಂದು ಇಟ್ಟ ಹೆಸರು ಅದು. ನ್ಯಾಯ ದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಿ ಎಂಬುದು ಅವಯವಗಳಲ್ಲಿ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ, ಅವುಗಳಿಗಿಂತ ಬೇರೆಯಾದ ದ್ರವ್ಯ ಎಂಬುದು ಅವರ ಪಕ್ಷ. ಇದಕ್ಕೆ ನ್ಯಾಯಸೂತ್ರ ಕೊಡುವ ಒಂದು ಯುಕ್ತಿ ಧಾರಣ ಮತ್ತು ಆಕರ್ಷಣ: ಒಂದು ತುದಿಯನ್ನು ಹಿಡಿದರೆ ಇಡೀ ವಸ್ತು ಹಿಡಿತಕ್ಕೆ ಬರುತ್ತದೆ, ಎಳೆದರೆ ಇಡೀ ವಸ್ತು ಬರುತ್ತದೆ. ಬರಿಯ ರಾಶಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಎರಡೂ ವಾದಗಳು ಬಲವಾದವು. ಆದರೆ ಹೊಂದದ ಎಂಜಿನ್‌ನ ಮುಂದೆ ಎರಡೂ ಸಾಲವು. ಬೌದ್ಧರ ಲೆಕ್ಕದಲ್ಲಿ ಹೊಂದಿದ ಎಂಜಿನ್‌ಗೂ ಹೊಂದದ ಎಂಜಿನ್‌ಗೂ ಒಂದೇ ವ್ಯವಹಾರದ ಹೆಸರು ಸಲ್ಲುತ್ತದೆ. ನೈಯಾಯಿಕರ ಪರೀಕ್ಷೆಯಲ್ಲೂ ಎರಡೂ ಗೆಲ್ಲುತ್ತವೆ. ಕ್ರೇನಿನ ಕೊಕ್ಕೆಗೆ ಹೆಡ್ ಸಿಕ್ಕಿಸಿ ಎತ್ತಿದರೆ ಬ್ಲಾಕೂ ಜೊತೆಗೇ ಏಳುತ್ತದೆ. ಕೂಡಿರುವುದಕ್ಕೂ ಹೊಂದಿರುವುದಕ್ಕೂ ಇರುವ ಅಂತರವನ್ನು ಹಿಡಿಯಲು ಬೇರೆ ಅಳತೆಗೋಲು ಬೇಕು.

ಅಂಥ ಅಳತೆಗೋಲು ವಾಕ್ಯದ ವಿಚಾರದಲ್ಲಿ ಸಿಗುತ್ತದೆ. ಪದಗಳು ಸೇರಿ ಒಂದು ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರೂ ನೈಯಾಯಿಕರೂ ಹೇಳುತ್ತಾರೆ. ಹಸು, ಕುದುರೆ, ಆನೆ ಎಂದು ಪದಗಳನ್ನು ಸಾಲಾಗಿಟ್ಟರೆ ಒಂದು ಇನ್ನೊಂದನ್ನು ಬಯಸುವುದಿಲ್ಲ, ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ತೋಯಿಸುತ್ತಾನೆ ಎಂದರೆ ವ್ಯಾಕರಣ ಸರಿಯಿದ್ದರೂ ಅರ್ಥಗಳು ಕೂಡುವುದಿಲ್ಲ, ಅಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗ ನುಡಿದು ಮುಂದಿನದನ್ನು ಜಾವ ಕಳೆದು ನುಡಿದರೆ ಸನ್ನಿಧಿಯಿಲ್ಲ. ಎಂಜಿನ್‌ನಲ್ಲಿ ಬೋಲ್ಟ್ ಬಿಗಿದರೆ ಸನ್ನಿಧಿ ಸಿದ್ಧಿಸುತ್ತದೆ. ಹೆಡ್ ಬ್ಲಾಕನ್ನು ಬಯಸುತ್ತದೆ, ಬ್ಲಾಕ್ ಪಿಸ್ಟನ್ನನ್ನು ಬಯಸುತ್ತದೆ, ಆದ್ದರಿಂದ ಆಕಾಂಕ್ಷೆಯೂ ಇದೆ. ಉಳಿಯುವುದು ಯೋಗ್ಯತೆ. 9.4ರ ಪಿಸ್ಟನ್ ಮೇಲೆ ಪೂರ್ಣ ಒತ್ತಡದ ಸೂಪರ್‌ಚಾರ್ಜರ್ ಎಂಬುದು ಬೆಂಕಿಯಿಂದ ತೋಯಿಸುವ ವಾಕ್ಯದ ಜಾತಿಗೇ ಸೇರಿದ್ದು.

ಯೋಗ್ಯತೆ ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರುತ್ತದೆ. ಕ್ರ್ಯಾಂಕ್‌ಶಾಫ್ಟ್ ಕೂರುವ ಮೇನ್ ಬೇರಿಂಗ್‌ನ ಮೇಲರ್ಧ ಬ್ಲಾಕ್‌ನಲ್ಲಿರುತ್ತದೆ, ಕೆಳಗಿನರ್ಧ ಬೇರೆಯಾಗಿ ಬಿಚ್ಚಿ ಬರುವ ಕ್ಯಾಪ್. ಕಾರ್ಖಾನೆಯಲ್ಲಿ ಕ್ಯಾಪ್‌ಗಳನ್ನು ಬ್ಲಾಕ್‌ಗೆ ಬಿಗಿದ ಮೇಲೆಯೇ ಎಲ್ಲ ರಂಧ್ರಗಳನ್ನು ಒಂದೇ ಸರಳ ರೇಖೆಯಲ್ಲಿ ಕೊರೆಯುತ್ತಾರೆ. ಹಾಗಾಗಿ ಪ್ರತಿಯೊಂದು ಕ್ಯಾಪ್ ಆ ಬ್ಲಾಕ್‌ಗೆ, ಅದರಲ್ಲೂ ಆ ಸ್ಥಾನಕ್ಕೆ, ಮೀಸಲು. ಬಿಚ್ಚುವ ಮೆಕ್ಯಾನಿಕ್ ಅವುಗಳ ಮೇಲೆ ನಂಬರ್ ಇದೆಯೇ ಎಂದು ಮೊದಲು ನೋಡುವುದು, ಇಲ್ಲದಿದ್ದರೆ ಪಂಚ್‌ನಿಂದ ಗುರುತು ಹಾಕುವುದು ಇದಕ್ಕೇ. ಅದೇ ಮಾದರಿಯ ಇನ್ನೊಂದು ಬ್ಲಾಕ್‌ನ ಕ್ಯಾಪ್ ತಂದು ಹಾಕಿದರೆ ಬೋಲ್ಟ್ ಸರಾಗವಾಗಿ ಇಳಿಯುತ್ತದೆ, ಆದರೆ ರಂಧ್ರ ಮಿಲಿಮೀಟರ್‌ನ ನೂರನೆಯ ಒಂದೆರಡು ಭಾಗದಷ್ಟು ವೃತ್ತ ತಪ್ಪುತ್ತದೆ. ಶಾಫ್ಟ್‌ಗೂ ಬೇರಿಂಗ್‌ಗೂ ನಡುವೆ ನಿಲ್ಲಬೇಕಾದ ಎಣ್ಣೆಯ ಪದರ ಅಲ್ಲಿ ಹರಿದುಹೋಗುತ್ತದೆ. ಕ್ಯಾಪ್ ಬದಲಿಸಲೇಬೇಕಾದರೆ ಇಡೀ ಸಾಲನ್ನು ಮತ್ತೆ ಬೋರ್ ಮಾಡಿಸಬೇಕು. ಒಂದೇ ಅಚ್ಚಿನಲ್ಲಿ ಎರಕವಾದ ಮಾತ್ರಕ್ಕೆ ಎರಡು ಭಾಗಗಳು ಒಂದಕ್ಕೊಂದು ಸಲ್ಲುವುದಿಲ್ಲ. ಕೂಡಿ ರೂಪುಗೊಂಡವು ಸಲ್ಲುತ್ತವೆ.

ಒಂದರ ಬದಲು ಇನ್ನೊಂದನ್ನು ಬಳಸುವ ನಿಯಮಗಳನ್ನು ಮೀಮಾಂಸೆಯಷ್ಟು ಕೂಲಂಕಷವಾಗಿ ಚರ್ಚಿಸಿದ ಶಾಸ್ತ್ರ ಮತ್ತೊಂದಿಲ್ಲ ಎನ್ನಬಹುದು. ಯಜ್ಞಕ್ಕೆ ವಿಧಿಸಿದ ದ್ರವ್ಯ ಸಿಗದಿದ್ದರೆ ಅಥವಾ ನಡುವೆ ಕೆಟ್ಟರೆ ಏನು ಮಾಡಬೇಕೆಂಬುದು ಮೀಮಾಂಸೆಯ ಸೂತ್ರಕಾರ ಜೈಮಿನಿಯ ಸೂತ್ರಗಳ 6ನೆಯ ಅಧ್ಯಾಯದ ವಿಷಯಗಳಲ್ಲೊಂದು. ಬದಲಿಗೆ ಬರುವ ದ್ರವ್ಯಕ್ಕೆ ಪ್ರತಿನಿಧಿ ಎಂದು ಹೆಸರು. ಭತ್ತ ಇಲ್ಲದಿದ್ದರೆ ಕಾಡುಭತ್ತವಾದ ನೀವಾರ ಸಲ್ಲುತ್ತದೆ, ಏಕೆಂದರೆ ಭತ್ತದ ಅವಯವಗಳೇ ಬಹುಮಟ್ಟಿಗೆ ಅದರಲ್ಲಿವೆ. ಆದರೆ ಹೋಲಿಕೆಯೊಂದೇ ಸಾಲದು. ಹೆಸರುಕಾಳಿಗೆ ಉದ್ದು ಎಷ್ಟೇ ಹೋಲಿದರೂ ಅದು ಯಜ್ಞಕ್ಕೆ ಅನರ್ಹವೆಂದು ನಿಷಿದ್ಧವಾದ್ದರಿಂದ ಪ್ರತಿನಿಧಿಯಾಗಲಾರದು. ಪ್ರತಿನಿಧಿಯೂ ಕೆಟ್ಟರೆ ಮುಂದಿನದು ಮೂಲ ದ್ರವ್ಯವನ್ನು ಹೋಲಬೇಕು, ಪ್ರತಿನಿಧಿಯನ್ನಲ್ಲ. ದೇವತೆ, ಅಗ್ನಿ, ಮಂತ್ರಗಳಿಗೆ ಪ್ರತಿನಿಧಿಯೇ ಇಲ್ಲ. ಭತ್ತ ಅಥವಾ ಜವೆಗೋದಿ ಎಂದು ವಿಕಲ್ಪ ಹೇಳಿದ ಕಡೆ ಯಾವುದಾದರೊಂದನ್ನು ಆರಿಸಬಹುದು, ಎರಡನ್ನೂ ಬೆರೆಸುವಂತಿಲ್ಲ. ಬೆರೆಸಿದರೆ ಎರಡು ವಿಧಿಗಳೂ ಕೆಡುತ್ತವೆ.

ಈ ನಿಯಮಗಳು ದುರಸ್ತಿಯ ವಿವೇಕವನ್ನು ನೇರವಾಗಿ ಬೆಳಗುತ್ತವೆ. ಬದಲಿಯ ಬದಲಿಯನ್ನು ಮೂಲದ ಅಳತೆಗೇ ಹೋಲಿಸಬೇಕು, ಇಲ್ಲವಾದರೆ ಪ್ರತಿ ದುರಸ್ತಿಯಲ್ಲೂ ತಪ್ಪು ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಎಲ್36, ಎಲ್67 ಎರಡೂ ತಮ್ಮ ತಮ್ಮ ವಿಧಿಯಲ್ಲಿ ಪೂರ್ಣ. ಅರ್ಧ ಅದರಿಂದ, ಅರ್ಧ ಇದರಿಂದ ಎಂದಾಗ ಎರಡರ ಲೆಕ್ಕವೂ ತಪ್ಪುತ್ತದೆ.

ಹಾಗಾದರೆ ಮಿಶ್ರ ಎಂಜಿನ್ ಎಂದೂ ಸಾಧುವಲ್ಲವೇ? ಇಲ್ಲಿ ಮೀಮಾಂಸೆಯ ಇನ್ನೊಂದು ವಿಭಾಗ ನೆರವಾಗುತ್ತದೆ. ಎಲ್ಲ ಅಂಗಗಳನ್ನೂ ಹೇಳಿರುವ ಮಾದರಿ ಯಾಗಕ್ಕೆ ಪ್ರಕೃತಿ ಎಂದೂ, ಅದರ ಅಂಗಗಳನ್ನು ಎರವಲು ಪಡೆಯುವ ಯಾಗಕ್ಕೆ ವಿಕೃತಿ ಎಂದೂ ಹೆಸರು. ಈ ಮಾತಿನಲ್ಲಿ ಕೆಡುಕಿನ ಅರ್ಥವಿಲ್ಲ. ವಿಕೃತಿಯಲ್ಲಿ ದೇವತೆ ಬದಲಾದರೆ ಮಂತ್ರದ ಪದವೂ ಬದಲಾಗಬೇಕು. ಅಗ್ನಿಗೆ ಎಂಬಲ್ಲಿ ಸೂರ್ಯನಿಗೆ ಎಂದಾಗಬೇಕು. ಈ ಮಾರ್ಪಾಟಿಗೆ ಊಹ ಎಂದು ಹೆಸರು, ಜೈಮಿನಿ 9ನೆಯ ಅಧ್ಯಾಯವನ್ನು ಇದಕ್ಕೆ ಮೀಸಲಿಟ್ಟಿದ್ದಾನೆ. ಪ್ರತಿನಿಧಿಯ ವಿಷಯದಲ್ಲಿ ಊಹವಿಲ್ಲ. ನೀವಾರವನ್ನು ಭತ್ತದ ಸ್ಥಾನದಲ್ಲಿ ಬಳಸಿದರೂ ಮಂತ್ರ ಭತ್ತವೆಂದೇ ಹೇಳುತ್ತದೆ.

ಹೊಂದದ ಎಂಜಿನ್‌ನ ದೋಷದ ಬೇರು ಈ ಭೇದದಲ್ಲಿದೆ. ಸವೆದ ಪಿಸ್ಟನ್‌ಗೆ ಅದೇ ಅಳತೆಯ ಪಿಸ್ಟನ್ ಹಾಕುವುದು ಪ್ರತಿನಿಧಿ, ಉಳಿದುದನ್ನು ಮುಟ್ಟಬೇಕಾಗಿಲ್ಲ. ಸೂಪರ್‌ಚಾರ್ಜರ್ ಇಲ್ಲದ ಕೆಳಭಾಗಕ್ಕೆ ಅದಿರುವ ಮೇಲ್ಭಾಗ ಕೂರಿಸುವುದು ವಿಕೃತಿ, ಅಲ್ಲಿ ಊಹ ಅನಿವಾರ್ಯ. ಸೂಪರ್‌ಚಾರ್ಜರ್‌ಗೆ ದೊಡ್ಡ ಪುಲ್ಲಿ ಹಾಕಿ ಒತ್ತಡ ತಗ್ಗಿಸಬೇಕು, ಕಂಪ್ಯೂಟರ್‌ನಲ್ಲಿ ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸಬೇಕು, ಇಂಧನದ ಪ್ರಮಾಣ ಹೊಸದಾಗಿ ಹೊಂದಿಸಬೇಕು, ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಬಳಸಬೇಕು. ಇಲ್ಲವೇ ಪಿಸ್ಟನ್‌ಗಳನ್ನೇ 8.5ರ ಅಳತೆಗೆ ಬದಲಿಸಬೇಕು. ಇಷ್ಟು ಮಾಡಿದ ಮಿಶ್ರ ಎಂಜಿನ್ ಒಂದು ಸಾಧುವಾದ ಹೊಸ ಅವಯವಿ. ವಿಕೃತಿಯನ್ನು ಮಾಡಿಯೂ ಪ್ರತಿನಿಧಿ ಎಂದು ಭ್ರಮಿಸಿ, ಊಹವನ್ನು ಬಿಟ್ಟುಬಿಡುವುದೇ ಅನರ್ಥಕ್ಕೆ ಮೂಲ.

ಇನ್ನು ಮೊದಲ ಪ್ರಶ್ನೆ: ಅದು ಹಿಂದಿನದೇ? ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ತತ್ವಜ್ಞರು ವಾದಿಸುತ್ತಿದ್ದುದನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ಬಿಚ್ಚಿದ ಹಳೆಯ ಹಲಗೆಗಳಿಂದ ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಕೇಳಿದ. ಒಂದು ಅವಯವ ಹೋದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎಂಬುದು ನ್ಯಾಯ–ವೈಶೇಷಿಕರ ಕಟ್ಟುನಿಟ್ಟಿನ ಉತ್ತರ. ಸತ್ ಎಂಬುದು ಉತ್ಪಾದ, ವ್ಯಯ, ಧ್ರೌವ್ಯ ಮೂರನ್ನೂ ಒಳಗೊಂಡದ್ದು ಎನ್ನುವ ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಬದಲಾವಣೆಗೂ ನಿರಂತರತೆಗೂ ಒಟ್ಟಿಗೆ ಎಡೆ ಕೊಡುತ್ತದೆ.

1990ರಲ್ಲಿ ಲಂಡನ್ನಿನ ಹೈಕೋರ್ಟ್ ಇದೇ ಪ್ರಶ್ನೆಗೆ ತೀರ್ಪು ಕೊಡಬೇಕಾಯಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರ ಲ ಮಾನ್ಸ್ ಸ್ಪರ್ಧೆಗಳನ್ನು ಗೆದ್ದಿತ್ತು. ಮುಂದೆ ಅದಕ್ಕೆ 8 ಲೀಟರ್ ಎಂಜಿನ್ ಬಂತು, 1932ರ ಭೀಕರ ಅಪಘಾತದ ನಂತರ ಅದನ್ನು ಮತ್ತೆ ಕಟ್ಟಲಾಯಿತು. ಗೆದ್ದ ದಿನಗಳ ಲೋಹ ಅದರಲ್ಲಿ ಅತ್ಯಲ್ಪವೇ ಉಳಿದಿತ್ತು. ಆದರೂ ಅದರ ಚರಿತ್ರೆ ಎಲ್ಲೂ ತುಂಡಾಗಿಲ್ಲ, ಆ ಹೆಸರಿಗೆ ಹಕ್ಕು ಹೇಳುವ ಬೇರೆ ಕಾರೂ ಇಲ್ಲ ಎಂದು ನ್ಯಾಯಾಲಯ ಅದಕ್ಕೆ ಆ ಹೆಸರನ್ನು ಒಪ್ಪಿತು.

ಧಾರ್ಮಿಕ ಆಚರಣೆಯೂ ಇದೇ ದಾರಿ ಹಿಡಿದಿದೆ. ಭಿನ್ನವಾದ ವಿಗ್ರಹವನ್ನು ಬದಲಿಸುವ ಜೀರ್ಣೋದ್ಧಾರ ವಿಧಿಯಲ್ಲಿ ದೇವತಾ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ, ಹೊಸ ವಿಗ್ರಹಕ್ಕೆ ತುಂಬುತ್ತಾರೆ. ಪುರಿಯ ಜಗನ್ನಾಥನ ನವಕಳೇಬರದಲ್ಲಿ ಮರದ ಮೂರ್ತಿಗಳು ಪೂರ್ತಿ ಹೊಸದಾಗುತ್ತವೆ, ಹಳೆಯ ಮೂರ್ತಿಯ ಒಳಗಿನ ಬ್ರಹ್ಮಪದಾರ್ಥ ಹೊಸದಕ್ಕೆ ಸಾಗುತ್ತದೆ. 2015ರಲ್ಲಿ ಇದು ನಡೆಯಿತು. ಭಕ್ತರಿಗೆ ದೇವರು ಹಿಂದಿನವನೇ. ದ್ರವ್ಯ ಬದಲಾದರೂ ಹಸ್ತಾಂತರದ ಸರಪಳಿ ಕಡಿದಿಲ್ಲ.

ಎಂಜಿನ್‌ಗೆ ಅಂಥ ಆವಾಹನೆಯಿಲ್ಲ. ಅದರ ಪಾಲಿಗೆ ಸರಪಳಿಯನ್ನು ಕಾಯುವುದು ಸತ್ಯವಾದ ದಾಖಲೆ ಮಾತ್ರ. ಭಾರತದಲ್ಲಿ ವಾಹನದ ನೋಂದಣಿ ಪತ್ರದಲ್ಲಿ ಚಾಸಿಸ್ ನಂಬರ್ ಜೊತೆಗೆ ಎಂಜಿನ್ ನಂಬರ್ ಕೂಡ ಇರುತ್ತದೆ. ಕಾನೂನಿಗಾಚೆಗೂ ಇದೊಂದು ಧರ್ಮ. ಯಾವ ಭಾಗ ಎಲ್ಲಿಂದ ಬಂತು, ಯಾವ ಮಾರ್ಪಾಟು ಆಯಿತು ಎಂಬುದನ್ನು ಮುಂದಿನ ಮಾಲೀಕನಿಗೂ ಮುಂದಿನ ಮೆಕ್ಯಾನಿಕ್‌ಗೂ ತಿಳಿಸಬೇಕು. ಮುಚ್ಚಿಟ್ಟರೆ ಅವರು ಮೂಲದ ಅಳತೆಯನ್ನೇ ನಂಬಿ ಪ್ರತಿನಿಧಿ ಹುಡುಕುತ್ತಾರೆ, ಒಬ್ಬನ ಸುಳ್ಳು ಇನ್ನೊಬ್ಬನ ಕೈಯಲ್ಲಿ ಅಪಾಯವಾಗುತ್ತದೆ.

ಹೀಗೆ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಪ್ರಮಾಣಗಳು. ಎಂಜಿನ್ ಹಿಂದಿನದೇ ಎಂಬುದನ್ನು ಅದರ ಚರಿತ್ರೆ ನಿರ್ಣಯಿಸುತ್ತದೆ, ಅದು ಒಂದೇ ವಸ್ತುವೇ ಎಂಬುದನ್ನು ಭಾಗಗಳ ಪರಸ್ಪರ ಯೋಗ್ಯತೆ ನಿರ್ಣಯಿಸುತ್ತದೆ. ಅಖಂಡ ಚರಿತ್ರೆಯಿದ್ದರೂ ಹೊಂದದ ಪಿಸ್ಟನ್ ಒಡೆಯುತ್ತದೆ. ಎಲ್ಲವೂ ಹೊಂದಿದ್ದರೂ ಸುಳ್ಳು ಹೆಸರು ಸುಳ್ಳೇ. ದುರಸ್ತಿ ಮಾಡುವವನಿಗೆ ಎರಡರ ಹೊಣೆಯೂ ಇದೆ.